ರಸ್ತೆಗೆ ಬಣ್ಣ, ಮೂಲೆಗೆ ಕಟ್ಟೆ: ಪೋರ್ಟ್‌ಲ್ಯಾಂಡ್‌ನ ಬೀದಿಹಬ್ಬಕ್ಕೆ ಅಮ್ಮನ ಜೊತೆ ಹೋಗಿ ಬಂದೆ

ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಪ್ರತಿ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಹತ್ತು ದಿನದ ಒಂದು ಹಬ್ಬ ನಡೆಯುತ್ತದೆ. ದೇವರಿಲ್ಲ, ಮೆರವಣಿಗೆ ಇಲ್ಲ. ಬೀದಿಯ ಜನ ಸೇರಿ ತಮ್ಮ ಬೀದಿಯನ್ನು ತಾವೇ ಚೆಂದ ಮಾಡಿಕೊಳ್ಳುವ ಹಬ್ಬ. ಹೆಸರು ವಿಲೇಜ್ ಬಿಲ್ಡಿಂಗ್ ಕನ್ವರ್ಜೆನ್ಸ್. ಸಿಟಿ ರಿಪೇರ್ ಅನ್ನುವ ಸಂಸ್ಥೆ ಇದನ್ನು ನಡೆಸಿಕೊಂಡು ಬರುತ್ತಿದೆ. ಹಗಲು ಊರಿನ ಬೇರೆ ಬೇರೆ ಮೂಲೆಗಳಲ್ಲಿ ಕೆಲಸ. ಎಲ್ಲೋ ನಾಲ್ಕು ರಸ್ತೆ ಕೂಡುವಲ್ಲಿ ಬಣ್ಣ ಹಚ್ಚುತ್ತಾರೆ, ಎಲ್ಲೋ ಮಣ್ಣಿನ ಕಟ್ಟೆ ಕಟ್ಟುತ್ತಾರೆ, ಎಲ್ಲೋ ಗಿಡ ನೆಡುತ್ತಾರೆ. ಸಂಜೆ ಎಲ್ಲರೂ ಒಂದು ಕಡೆ ಸೇರಿ ಊಟ, ಮಾತು, ಹಾಡು.

ನನ್ನ ತಂಗಿ ಪೋರ್ಟ್‌ಲ್ಯಾಂಡ್ ಪಕ್ಕದ ಬೀವರ್ಟನ್‌ನಲ್ಲಿದ್ದಾಳೆ. ಆ ಕಡೆ, ಹಿಲ್ಸ್‌ಬರೋ ಕಡೆ, ಇಂಟೆಲ್ ಕಂಪನಿ ಇರುವುದರಿಂದ ಕನ್ನಡದವರು ಸಾಕಷ್ಟು ಜನ ಇದ್ದಾರೆ. ಅಮ್ಮನನ್ನು ಅವಳ ಮನೆಗೆ ಕರೆದುಕೊಂಡು ಹೋಗಬೇಕಿತ್ತು. ದಿನ ನೋಡಿ ಈ ಹಬ್ಬಕ್ಕೆ ಸರಿಹೊಂದಿಸಿಕೊಂಡೆ. ಟಿಕೆಟ್ಟು, ವೀಸಾ ಕತೆ ಬೇಡ ಬಿಡಿ, ಎಲ್ಲರದ್ದೂ ಒಂದೇ.

ಶುಕ್ರವಾರ: ಸುರಂಗ, ಇಟ್ಟಿಗೆ, ಮೊದಲ ಕೂಡುರಸ್ತೆ

ಬೀವರ್ಟನ್‌ನಿಂದ ಊರೊಳಕ್ಕೆ ಮ್ಯಾಕ್ಸ್ ರೈಲು ಇದೆ. ಹಾಪ್ ಅಂತ ಒಂದು ಕಾರ್ಡ್ ತಗೊಂಡರೆ ಬಸ್ಸಿಗೂ ರೈಲಿಗೂ ಅದೇ ನಡೆಯುತ್ತದೆ. ದಿನಕ್ಕೆ ಇಷ್ಟೇ ಅಂತ ಮಿತಿ ಇರುವುದರಿಂದ ಎಷ್ಟು ಸಲ ಹತ್ತಿ ಇಳಿದರೂ ಅದಕ್ಕಿಂತ ಜಾಸ್ತಿ ಹಣ ಹೋಗುವುದಿಲ್ಲ. ಅಮ್ಮನಿಗೆ ಹಿರಿಯರ ರಿಯಾಯಿತಿಯೂ ಸಿಕ್ಕಿತು.

ದಾರಿಯಲ್ಲಿ ರೈಲು ಗುಡ್ಡದ ಹೊಟ್ಟೆಯೊಳಗೆ ಹೋಗುತ್ತದೆ. ಅಲ್ಲಿ ವಾಷಿಂಗ್ಟನ್ ಪಾರ್ಕ್ ಅನ್ನುವ ನಿಲ್ದಾಣ ನೆಲದಿಂದ 260 ಅಡಿ ಕೆಳಗಿದೆ. ಸುಮ್ನೆ ನೋಡೋಣ ಅಂತ ಇಳಿದೆವು. ಗುಡ್ಡ ಕೊರೆದಾಗ ಬಂದ ಕಲ್ಲಿನ ಉದ್ದನೆಯ ಕಂಬಿಯನ್ನು ಪ್ಲಾಟ್‌ಫಾರ್ಮ್‌ನ ಗೋಡೆಯ ಉದ್ದಕ್ಕೂ ಗಾಜಿನೊಳಗೆ ಜೋಡಿಸಿದ್ದಾರೆ. ಯಾವ ಪದರ ಯಾವ ಕಾಲದ್ದು ಅಂತ ಬರೆದಿದ್ದಾರೆ. ಅಮ್ಮ ಅದನ್ನು ಒಂದು ತುದಿಯಿಂದ ನೋಡುತ್ತಾ ಹೋದಳು. ಎರಡು ರೈಲು ಬಿಟ್ಟುಕೊಟ್ಟೆವು. ನಮ್ಮಮ್ಮ ಕಡೂರು ಹತ್ತಿರದ ಹಳ್ಳಿಯವಳು. ಬಾವಿ ತೋಡಿಸುವಾಗ ಯಾವ ಮಣ್ಣು ಬಂತು ಅಂತ ಬಗ್ಗಿ ನೋಡಿ ಬೆಳೆದವಳು.

ಊರಿನ ನಡುವೆ ಪಯನೀರ್ ಕೋರ್ಟ್‌ಹೌಸ್ ಸ್ಕ್ವೇರ್ ಇದೆ. ಮೊದಲು ಅಲ್ಲೊಂದು ದೊಡ್ಡ ಹೋಟೆಲ್ ಇತ್ತು, 1951ರಲ್ಲಿ ಕೆಡವಿದರು, ಆಮೇಲೆ ಕಾರು ನಿಲ್ಲಿಸುವ ಜಾಗವಾಯಿತು. ಅದನ್ನು ಬಯಲು ಮಾಡಿ ಜನರಿಗೆ ಬಿಟ್ಟದ್ದು 1984ರಲ್ಲಿ. ದುಡ್ಡು ಸಾಲದೇ ಇದ್ದಾಗ ಊರಿನವರೇ ಒಂದೊಂದು ಇಟ್ಟಿಗೆ ಕೊಂಡರು. ನೆಲದ ಇಟ್ಟಿಗೆಗಳ ಮೇಲೆ ಅವರ ಹೆಸರುಗಳಿವೆ. ಬಗ್ಗಿ ಓದುತ್ತಾ ನಡೆಯಬಹುದು. ಚಪ್ಪಲಿ ಕಾಲಲ್ಲಿ ಹೆಸರು ತುಳಿಯೋದಾ ಅಂತ ಅಮ್ಮ ಅಂಚಲ್ಲೇ ನಿಂತಳು. ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಒಬ್ಬರು ನಮ್ಮನ್ನು ನೋಡಿ ತಮ್ಮ ತಂದೆಯ ಹೆಸರಿನ ಇಟ್ಟಿಗೆ ತೋರಿಸಿದರು. ನಡೆದಾಡಲಿ ಅಂತಲೇ ಹಾಕಿಸಿದ್ದು ಅಂದರು. ಅದನ್ನು ಅಮ್ಮನಿಗೆ ಹೇಳಿದ ಮೇಲೆ ಒಳಗೆ ಬಂದಳು.

ಅಲ್ಲಿಂದ ಆರೆಂಜ್ ಲೈನ್ ಹಿಡಿದು ನದಿ ದಾಟಿದೆವು. ಟಿಲಿಕಮ್ ಕ್ರಾಸಿಂಗ್ ಸೇತುವೆ 2015ರದ್ದು. ಅದರ ಮೇಲೆ ರೈಲು, ಬಸ್ಸು, ಸೈಕಲ್ಲು, ನಡೆಯುವವರು ಹೋಗಬಹುದು, ಸ್ವಂತ ಕಾರಿಗೆ ಜಾಗ ಇಲ್ಲ. ಟಕೋಮಾ ನಿಲ್ದಾಣದಲ್ಲಿ ಇಳಿದು ಸೆಲ್‌ವುಡ್ ಬಡಾವಣೆಯೊಳಗೆ ನಡೆದೆವು. ತುಂತುರು ಮಳೆ. ಅಲ್ಲಿಯವರು ಛತ್ರಿ ಹಿಡಿಯುವುದೇ ಕಮ್ಮಿ, ತಲೆಗೆ ಟೋಪಿ ಇರುವ ಜಾಕೆಟ್ಟೇ ಸಾಕು ಅವರಿಗೆ. ಜೂನ್ ಶುರುವಿನಲ್ಲಿ ಹೋಗುವವರು ಅಂಥದ್ದೊಂದು ಜಾಕೆಟ್ ಇಟ್ಟುಕೊಳ್ಳಿ.

ಒಂಬತ್ತನೇ ಅವೆನ್ಯೂ, ಶೆರೆಟ್ ಸ್ಟ್ರೀಟ್ ಸೇರುವ ಕೂಡುರಸ್ತೆಯಿಂದಲೇ ಈ ಎಲ್ಲವೂ ಶುರುವಾದದ್ದು. ಶೇರ್ ಇಟ್ ಸ್ಕ್ವೇರ್ ಅಂತ ಕರೆಯುತ್ತಾರೆ. 1996ರಲ್ಲಿ ಇಲ್ಲಿನ ನೆರೆಹೊರೆಯವರು ಯಾರ ಅನುಮತಿಯೂ ಇಲ್ಲದೆ ರಸ್ತೆಗೆ ಬಣ್ಣ ಬಳಿದರು. ವಾಸ್ತುಶಿಲ್ಪಿ ಮಾರ್ಕ್ ಲೇಕ್‌ಮನ್ ಇದೇ ಬಡಾವಣೆಯವರು. ಮೆಕ್ಸಿಕೋದ ಕಾಡಿನಲ್ಲಿ ಲಕಾಂಡೋನ್ ಮಾಯಾ ಜನರ ಜೊತೆ ಕೆಲವು ಕಾಲ ಇದ್ದು ಬಂದವರು. ಅಲ್ಲಿ ಜನ ದಿನವೂ ಒಂದು ಕಡೆ ಸೇರುವುದನ್ನು ನೋಡಿದ್ದರು. ಊರಿಗೆ ಬಂದು ನೋಡಿದರೆ ಅಂಥ ಒಂದು ಜಾಗವೂ ಇಲ್ಲ. ಮೊದಲು ಹಳೆಯ ಮರಮುಟ್ಟಿನಿಂದ ಒಂದು ಟೀ ಮನೆ ಕಟ್ಟಿದರು. ವಾರಕ್ಕೊಮ್ಮೆ ಜನ ಸೇರತೊಡಗಿದರು. ನಗರಾಡಳಿತ ಅದನ್ನು ತೆಗೆಸಿತು. ಆಗ ಜನ ರಸ್ತೆಗೇ ಇಳಿದರು. ಅದು ಸಾರ್ವಜನಿಕ ಜಾಗ, ಹಾಗಾಗಿ ಯಾರೂ ಬಳಸುವ ಹಾಗಿಲ್ಲ ಅಂತ ಅಧಿಕಾರಿಯೊಬ್ಬರು ಹೇಳಿದರಂತೆ. ಸಿಟಿ ರಿಪೇರ್‌ನವರು ಈ ಮಾತನ್ನು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಆಮೇಲೆ ನಗರಸಭೆಯೇ ಒಪ್ಪಿ ಕಾನೂನು ಮಾಡಿತು. ಈಗ ಪೋರ್ಟ್‌ಲ್ಯಾಂಡ್‌ನಲ್ಲಿ ಯಾವ ಬೀದಿಯವರು ಬೇಕಾದರೂ ಅರ್ಜಿ ಹಾಕಬಹುದು. ವಾಹನ ಕಮ್ಮಿ ಇರುವ ರಸ್ತೆಯಾಗಿರಬೇಕು, ಅಕ್ಕಪಕ್ಕದ ಮನೆಯವರ ಸಹಿ ಬೇಕು.

ನಾವು ಹೋದಾಗ ಬೀದಿಯಲ್ಲಿ ಯಾರೂ ಇರಲಿಲ್ಲ. ನೆಲದ ಬಣ್ಣ ಅಲ್ಲಲ್ಲಿ ಮಾಸಿತ್ತು. ಒಂದು ಮೂಲೆಯಲ್ಲಿ ಟೀ ಫ್ಲಾಸ್ಕ್ ಇಡುವ ಗೂಡು. ಇನ್ನೊಂದರಲ್ಲಿ ಮನೆಯಲ್ಲಿ ಮಿಕ್ಕಿದ್ದನ್ನು ಇಡುವ, ಬೇಕಾದವರು ಒಯ್ಯುವ ಕಪಾಟು. ಫ್ಲಾಸ್ಕ್ ಅಲ್ಲಾಡಿಸಿ ನೋಡಿದೆ, ಖಾಲಿ. ಎದುರುಮನೆಯ ಹೆಂಗಸು ಕಿಟಕಿಯಿಂದ ನೋಡಿದವರೇ ಬಾಗಿಲು ತೆಗೆದು ಬಂದು, ಫ್ಲಾಸ್ಕ್ ಒಳಗೆ ಒಯ್ದು, ಬಿಸಿನೀರು ತುಂಬಿಸಿ ತಂದಿಟ್ಟರು. ಪುದಿನ ಟೀ. ಹಾಲಿಲ್ಲದ ಟೀ ಅಮ್ಮನಿಗೆ ಸೇರುವುದಿಲ್ಲ, ಆದರೂ ಪೂರ್ತಿ ಕುಡಿದಳು.

ಶನಿವಾರ: ಸಹಿಯ ಕತೆ

ಆಗ್ನೇಯ ಪೋರ್ಟ್‌ಲ್ಯಾಂಡ್‌ನ ಒಂದು ಸಣ್ಣ ಕೂಡುರಸ್ತೆಗೆ ಬಣ್ಣ ಹಚ್ಚುವ ದಿನ. ಹಬ್ಬದ ಪಟ್ಟಿಯಲ್ಲಿ ಯಾವ ದಿನ ಎಲ್ಲಿ ಏನು ಕೆಲಸ ಅಂತ ಹಾಕಿರುತ್ತಾರೆ, ಯಾರು ಬೇಕಾದರೂ ಹೋಗಬಹುದು. ತಂಗಿ, ಅವಳ ಗಂಡ, ಎಂಟು ವರ್ಷದ ಮಗಳು, ಅಮ್ಮ, ನಾನು ಎಲ್ಲರೂ ಹೊರಟೆವು. ಹಳೆ ಬಟ್ಟೆ ಹಾಕಿಕೊಳ್ಳಿ ಅಂತ ತಂಗಿ ಮೊದಲೇ ಹೇಳಿದ್ದಳು. ಅದು ನಿಜವಾಗಿ ಬೇಕಾದ ಎಚ್ಚರಿಕೆ, ಆ ಬಣ್ಣ ಒಗೆದರೆ ಹೋಗುವುದಿಲ್ಲ.

ಬೆಳಿಗ್ಗೆ ಎಂಟಕ್ಕೇ ರಸ್ತೆಗೆ ಅಡ್ಡ ಹಲಗೆ ಇಟ್ಟಿದ್ದರು. ನಾಲ್ಕೂ ಕಡೆ ಮರಗಳು, ಮರದ ಹಳೆ ಮನೆಗಳು, ಪ್ರತಿ ಅಂಗಳದಲ್ಲೂ ಗುಲಾಬಿ. ಚಾಕ್‌ನಲ್ಲಿ ಚಿತ್ರದ ಗೆರೆ ಎಳೆದಿದ್ದರು. ನದಿ, ಸಾಲ್ಮನ್ ಮೀನು, ಜರೀಗಿಡ. ಮೊದಲು ಅಂಚು, ಆಮೇಲೆ ಒಳಗೆ. ಒಂದೊಂದು ಬಣ್ಣಕ್ಕೆ ಒಂದೊಂದು ಗುಂಪು. ತಂಗಿಯ ಮಗಳಿಗೆ ಮೀನಿನ ಕಣ್ಣು ಸಿಕ್ಕಿತು. ಅವಳು ಪಕ್ಕಕ್ಕೆ ಯಾರನ್ನೂ ಬಿಟ್ಟುಕೊಳ್ಳಲಿಲ್ಲ.

ನಾನು ನೀಲಿ ಗುಂಪಿನಲ್ಲಿದ್ದೆ. ಪಕ್ಕದಲ್ಲಿ ಮಂಡಿಯೂರಿ ಬಣ್ಣ ಹಚ್ಚುತ್ತಿದ್ದವರು ಅದೇ ಬೀದಿಯವರು, ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು. ಸಹಿ ಹಾಕಿಸಿಕೊಂಡು ಮನೆಮನೆಗೆ ತಿರುಗಿದ್ದು ಅವರೇ. ಬಣ್ಣ ಹಚ್ಚಲು ಒಂದು ದಿನ, ಸಹಿಗೆ ಒಂದೂವರೆ ವರ್ಷ ಅಂದರು. ನಾನು ಕೈ ನಿಲ್ಲಿಸಿ ಕೇಳಿದೆ. ಮೂಲೆಮನೆಯ ವಯಸ್ಸಾದ ಹೆಂಗಸು ಒಪ್ಪಿರಲಿಲ್ಲವಂತೆ. ಬಣ್ಣ ಇಷ್ಟ ಇಲ್ಲವಾ, ಗದ್ದಲ ಆಗುತ್ತದೆ ಅಂತಲಾ, ಇವರಿಗೆ ಗೊತ್ತಾಗಲಿಲ್ಲ. ನಾಲ್ಕನೇ ಸಲ ಹೋದಾಗ ಅವರು ಒಳಗೆ ಕೂರಿಸಿ ಹೇಳಿದರಂತೆ: ಗಂಡ ತೀರಿಕೊಂಡು ಆರು ವರ್ಷ ಆಯಿತು, ಈ ಬೀದಿಯಲ್ಲಿ ಯಾರೂ ಬಾಗಿಲು ತಟ್ಟಿರಲಿಲ್ಲ, ಈಗ ಕಾಗದ ಹಿಡಿದು ಬಂದಿದ್ದೀರಿ. ಇವರಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಕಾಗದ ಜೇಬಿಗೆ ಹಾಕಿಕೊಂಡು, ಅವರ ಮನೆಯ ಸೋರುತ್ತಿದ್ದ ನಲ್ಲಿ ಸರಿಮಾಡಿ ಬಂದರು. ಅದಾಗಿ ಎರಡು ತಿಂಗಳಿಗೆ ಆ ಹೆಂಗಸೇ ಕರೆದು ಸಹಿ ಹಾಕಿದರು.

"ಅವರು ಬಂದಿದ್ದಾರಾ?" ಅಂತ ಕೇಳಿದೆ. ಕುಂಚದಿಂದ ತೋರಿಸಿದರು. ಬಿಳಿ ಕೂದಲಿನ ಹೆಂಗಸೊಬ್ಬರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಬರುವ ಹೋಗುವವರಿಗೆಲ್ಲ ನಿಂಬೆ ಪಾನಕ ಕೊಡುತ್ತಿದ್ದರು. ಅವರ ಪಕ್ಕದ ಕುರ್ಚಿಯಲ್ಲಿ ಆಗಲೇ ನಮ್ಮಮ್ಮ ಕೂತಿದ್ದಳು. ಇಬ್ಬರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ಬರದು. ಗುಲಾಬಿ ಗಿಡ ತೋರಿಸಿಕೊಂಡು, ಎಲೆ ತಿರುಗಿಸಿಕೊಂಡು ಹುಳದ ವಿಚಾರ ಮಾತಾಡುತ್ತಿದ್ದರು ಅಂತ ಕಾಣುತ್ತದೆ.

ಈ ಹಬ್ಬದ ನಿಜವಾದ ಕೆಲಸ ಆ ಒಂದೂವರೆ ವರ್ಷದಲ್ಲೇ ಆಗಿಹೋಗಿತ್ತು. ನಾವು ಹೊರಗಿನವರು ಬಂದು ಫೋಟೋ ಹೊಡೆಯುವ ಬಣ್ಣ ಅದಕ್ಕೊಂದು ನೆಪ. ಆ ಬಣ್ಣ ಗಾಡಿ ಓಡಾಡಿ, ಮಳೆ ಬಿದ್ದು ಬೇಗ ಮಾಸುತ್ತದೆ. ಒಂದೆರಡು ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು. ಗಟ್ಟಿ ಬಣ್ಣ ಯಾಕೆ ಬಳಸಲ್ಲ ಅಂತ ತಂಗಿಯ ಗಂಡ ಕೇಳಿದಾಗ ಬಸ್ ಓಡಿಸುತ್ತಿದ್ದವರು ಹೇಳಿದರು, "ಹೋಗದೇ ಇದ್ದರೆ ಮತ್ತೆ ಸೇರೋದು ಯಾವಾಗ?"

ಮಧ್ಯಾಹ್ನ ಎರಡೂವರೆಗೆ ಮೋಡ ಕವಿಯಿತು. ಅರ್ಧ ಗಂಟೆಯಲ್ಲಿ ಮಳೆ. ಟಾರ್ಪಾಲು ತಂದು ಹಾಸಿದರು, ಎಲ್ಲರೂ ಅಂಚು ಹಿಡಿದು ನಿಂತರು, ಆದರೂ ಒಣಗದ ಹಸಿರು ಹರಿದು ಚರಂಡಿ ಕಡೆ ಹೋಗುವುದನ್ನು ಹಿಡಿಯಲು ಪೊರಕೆ, ಬಕೆಟ್ಟು, ಹಳೆ ಟವೆಲ್ಲು ಅಂತ ಓಡಾಡಿದ್ದೇ ಓಡಾಡಿದ್ದು, ಯಾಕೆಂದರೆ ಚರಂಡಿಯ ನೀರು ನದಿಗೆ ಸೇರುತ್ತದೆ, ಮೀನಿನ ಚಿತ್ರ ಬಿಡಿಸಲು ಹೋಗಿ ಮೀನಿಗೇ ವಿಷ ಹಾಕಿದ ಹಾಗಾಗಬಾರದು ಅಂತ ಅವರ ಆತಂಕ. ಜರೀಗಿಡದ ಅರ್ಧ ಹೋಯಿತು. ಮೀನಿನ ಕಣ್ಣು ಅಷ್ಟರಲ್ಲಿ ಒಣಗಿತ್ತು, ಉಳಿಯಿತು. ಮಿಕ್ಕಿದ್ದು ಮುಂದಿನ ಶನಿವಾರ ಅಂತ ತೀರ್ಮಾನವಾಯಿತು. ಗ್ಯಾರೇಜಿನೊಳಗೆ ನಿಂತು ಎಲ್ಲರೂ ಊಟ ಮಾಡಿದೆವು. ನಾವು ಒಯ್ದಿದ್ದ ಪುಳಿಯೋಗರೆ ಎಲ್ಲಕ್ಕಿಂತ ಮೊದಲು ಖಾಲಿಯಾಯಿತು.

ಸೋಮವಾರ: ಮಣ್ಣು

ಭಾನುವಾರ ಮನೆಯಲ್ಲೇ ಇದ್ದೆವು, ಅಮ್ಮನ ಮಂಡಿ ನೋವು. ಸೋಮವಾರ ಬೆಳಿಗ್ಗೆ ಅವಳೇ ಮೊದಲು ಎದ್ದು ತಲೆ ಬಾಚಿಕೊಂಡು ಕೂತಿದ್ದಳು. ಮಣ್ಣಿನ ಕೆಲಸ ಇದೆ ಅಂತ ಮೊಮ್ಮಗಳು ಹೇಳಿದ್ದಳು.

ಹಾಥಾರ್ನ್ ಸೇತುವೆ ಮೇಲೆ ಬಸ್ಸು ನಿಂತುಬಿಟ್ಟಿತು. 1910ರ ಸೇತುವೆ ಅದು, ನಡುವಿನ ಭಾಗ ಪೂರ್ತಿ ಮೇಲಕ್ಕೇಳುತ್ತದೆ. ಜೂನ್ ಶುರುವಿನಲ್ಲಿ ಊರಿನ ಗುಲಾಬಿ ಉತ್ಸವಕ್ಕೆ ನೌಕಾಪಡೆಯ ಹಡಗುಗಳು ಬರುತ್ತವೆ, ಆಗ ಸೇತುವೆಗಳು ಆಗಾಗ ಏಳುತ್ತವೆ. ಹೊತ್ತಿಗೆ ಸರಿಯಾಗಿ ಎಲ್ಲಾದರೂ ತಲುಪಬೇಕಿದ್ದರೆ ಆ ವಾರ ಟಿಲಿಕಮ್ ಕಡೆಯಿಂದ ಹೋಗುವುದು ಒಳ್ಳೆಯದು, ಅದು ಏಳುವುದಿಲ್ಲ. ನಮಗೆ ಅವಸರ ಇರಲಿಲ್ಲ. ಬಸ್ಸಿನಲ್ಲಿದ್ದವರು ಅರ್ಧ ಜನ ಇಳಿದು ಕಂಬಿ ಹಿಡಿದು ಹಡಗು ನೋಡಿದರು, ನಾವೂ ನೋಡಿದೆವು.

ಕೆಲಸದ ಜಾಗ ಒಂದು ಮೂಲೆಮನೆಯ ಅಂಚು. ಮನೆಯವರು ತಮ್ಮ ಅಂಗಳದ ಒಂದು ತುಂಡನ್ನು ಬೀದಿಗೆ ಬಿಟ್ಟುಕೊಟ್ಟಿದ್ದರು. ಅಲ್ಲಿ ಬಸ್ಸು ಕಾಯುವವರು, ನಾಯಿ ತಿರುಗಾಡಿಸುವವರು ಕೂರಲು ಒಂದು ಬೆಂಚು. ಕಾಬ್ ಅನ್ನುತ್ತಾರೆ, ಜೇಡಿಮಣ್ಣು, ಮರಳು, ಒಣಹುಲ್ಲು ಸೇರಿಸಿ ತುಳಿದು ಮುದ್ದೆ ಮಾಡಿ ಕೈಯಲ್ಲೇ ಕಟ್ಟುವ ಕೆಲಸ. ಅಡಿಪಾಯಕ್ಕೆ ಒಡೆದ ಹಳೆ ಕಾಂಕ್ರೀಟ್ ತುಂಡುಗಳನ್ನು ಜೋಡಿಸಿದ್ದರು. ಮೇಲೆ ಪುಟ್ಟ ಸೂರು ನಿಲ್ಲಿಸಲು ಮರದ ಕಂಬ ಆಗಲೇ ನೆಟ್ಟಿತ್ತು. ಮಳೆಯೂರಲ್ಲಿ ಮಣ್ಣು ಉಳಿಯಬೇಕಾದರೆ ಕೆಳಗೆ ಒಳ್ಳೆ ಬೂಟು, ಮೇಲೆ ಒಳ್ಳೆ ಟೋಪಿ ಬೇಕು ಅಂತ ಇಂಗ್ಲೆಂಡಿನ ಡೆವನ್ ಕಡೆ ಗಾದೆ ಇದೆಯಂತೆ. ಹೇಳಿಕೊಡುತ್ತಿದ್ದ ಹುಡುಗಿ ಅದನ್ನು ಹೇಳಿದಳು.

ಟಾರ್ಪಾಲಿನ ಮೇಲೆ ಮಣ್ಣು, ಮರಳು ಸುರಿದು ನೀರು ಹಾಕಿ ಹತ್ತಾರು ಜನ ಬರಿಗಾಲಲ್ಲಿ ತುಳಿಯುತ್ತಿದ್ದರು. ಅಮ್ಮ ಐದು ನಿಮಿಷ ನೋಡಿದಳು. ಚಪ್ಪಲಿ ಬಿಟ್ಟಳು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅಮ್ಮ, ಮಂಡಿ ನೋವು ಅಂದ್ಯಲ್ಲ."

"ಮಂಡಿಗೂ ತುಳಿಯೋದಕ್ಕೂ ಏನೇ ಸಂಬಂಧ, ಸುಮ್ನಿರು."

ಇಳಿದಳು. ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಉಂಡೆ ಮಾಡಿ, ಹೆಬ್ಬೆರಳಿಂದ ಒತ್ತಿ, ಮೂಗಿನ ಹತ್ತಿರ ಹಿಡಿದು ನೋಡಿದಳು. "ಇದು ನೆಂದಿಲ್ಲ. ಯಾವಾಗ ನೆನೆಹಾಕಿದ್ದು ಕೇಳು." ಕೇಳಿದೆ. ನಿನ್ನೆ ರಾತ್ರಿ ಅಂದರು. "ಒಂದು ರಾತ್ರಿ ಸಾಲಲ್ಲ. ಮೂರು ದಿನ ಕೊಳೀಬೇಕು. ಆಮೇಲೆ ಹುಲ್ಲು. ಈಗಲೇ ಹುಲ್ಲು ಹಾಕಬೇಡಿ ಅನ್ನು." ನಾನು ಅಳುಕುತ್ತಲೇ ಅನುವಾದ ಮಾಡಿದೆ. ಆ ಹುಡುಗಿ ಬೇಜಾರು ಮಾಡಿಕೊಳ್ಳಲಿಲ್ಲ. ನಿಜ, ಹೆಚ್ಚು ನೆನೆದಷ್ಟೂ ಒಳ್ಳೆಯದು, ಆದರೆ ಹತ್ತೇ ದಿನದ ಹಬ್ಬ, ಸಮಯ ಇಲ್ಲ ಅಂದಳು. ಪಕ್ಕದಲ್ಲಿ ಇನ್ನೊಂದು ಗುಂಡಿಯಲ್ಲಿ ಗುರುವಾರದಿಂದ ನೆನೆದ ಮಣ್ಣು ಸ್ವಲ್ಪ ಇತ್ತು. ಅದನ್ನು ತರಿಸಿದಳು ನಮ್ಮಮ್ಮ. ಎರಡೂ ಉಂಡೆ ಪಕ್ಕಪಕ್ಕ ಇಟ್ಟು ಎದೆಮಟ್ಟದಿಂದ ಕೆಳಗೆ ಬಿಟ್ಟರು. ಒಂದು ಬಿರಿಯಿತು, ಇನ್ನೊಂದು ಹಾಗೇ ಕೂತಿತು. ಅದಾದ ಮೇಲೆ ಎಲ್ಲರೂ ಹದ ನೋಡಿ ಅಂತ ಉಂಡೆ ಹಿಡಿದು ಅಮ್ಮನ ಹತ್ತಿರವೇ ಬರತೊಡಗಿದರು. ಅವಳು ತಲೆಯಾಡಿಸುವುದು, ಇಲ್ಲ ಅನ್ನುವುದು, ನೀರು, ಮರಳು ಅಂತ ಬೆರಳಲ್ಲಿ ತೋರಿಸುವುದು. ನಾನು ಅನುವಾದ ಮಾಡುವುದೇ ಬೇಕಾಗಲಿಲ್ಲ.

"ಸಗಣಿ ಇಲ್ವಾ?" ಅಂತ ಕೇಳಿದಳು. ಕೊನೆಯ ಗಿಲಾವಿಗೆ ಕೆಲವು ಕಡೆ ಸೇರಿಸುತ್ತಾರಂತೆ. ಇಲ್ಲಿ ಸುಣ್ಣ ಹಾಕುತ್ತಾರೆ ಅಂದರು. ಅಮ್ಮನಿಗೆ ಸಮಾಧಾನ ಆಗಲಿಲ್ಲ.

ಊಟದ ಹೊತ್ತಿಗೆ ನೋಡಿದರೆ ಬೆಂಚು ಮೊಣಕಾಲೆತ್ತರ ಬಂದಿತ್ತು. ಗೋಡೆಯ ಬೆನ್ನಿಗೆ ಒಂದು ಮರ, ಬಿಗ್‌ಲೀಫ್ ಮೇಪಲ್, ಎಲೆಗಳು ನಮ್ಮ ಎರಡು ಅಂಗೈ ಅಗಲಿಸಿದಷ್ಟು ದೊಡ್ಡವು. ಅಮ್ಮ ಕೈ ತೊಳೆದುಕೊಂಡು ದೂರ ನಿಂತು ನೋಡಿ, "ಇದು ನಮ್ಮೂರ ಅರಳಿಕಟ್ಟೆ ಅಲ್ವೇನೇ" ಅಂದಳು. ಹೌದು. ನಮ್ಮೂರಲ್ಲಿ ಅದನ್ನು ಯಾರು ಕಟ್ಟಿದರು ಅಂತ ಯಾರಿಗೂ ಗೊತ್ತಿಲ್ಲ, ಹುಟ್ಟಿದಾಗಿನಿಂದ ಇದೆ. ಪಂಚಾಯಿತಿಯೂ ಅಲ್ಲೇ, ಬಸ್ಸು ಕಾಯುವುದೂ ಅಲ್ಲೇ, ಜಗಳವೂ ಅಲ್ಲೇ. ಇವರಿಗೆ ಅದು ಬಂದ ಆಸ್ತಿ ಅಲ್ಲ. ಈ ದೇಶದ ಭೂಮಿಯನ್ನು 1785ರ ಕಾನೂನಿನಂತೆ ಚೌಕ ಚೌಕ ಅಳೆದು ಮಾರಿದರು. ಊರುಗಳೂ ಹಾಗೇ ನೆಟ್ಟಗೆ ಗೆರೆ ಎಳೆದು ಬೆಳೆದವು. ಆ ಗೆರೆಗಳ ನಡುವೆ ಜನ ಕೂರುವ ಜಾಗ ಬಿಟ್ಟಿರಲಿಲ್ಲ ಅನ್ನುವುದು ಲೇಕ್‌ಮನ್ ಅವರ ವಾದ. ಪೋರ್ಟ್‌ಲ್ಯಾಂಡ್‌ನ ಒಳಗಿನ ಬ್ಲಾಕ್‌ಗಳು 200 ಅಡಿಗೆ 200 ಅಡಿ, ತುಂಬಾ ಚಿಕ್ಕವು. ಹಾಗಾಗಿ ಕೂಡುರಸ್ತೆಗಳು ಜಾಸ್ತಿ. ಕಟ್ಟೆಗೆ ಜಾಗ ಹುಡುಕುವವರಿಗೆ ಅದೇ ಅನುಕೂಲವಾಯಿತು.

ಸಂಜೆ ಹೊರಡುವಾಗ ಅಮ್ಮನ ಒಂದು ಚಪ್ಪಲಿ ಇಲ್ಲ. ಎಲ್ಲರೂ ಹುಡುಕಿದರು. ಕೊನೆಗೆ ಒಬ್ಬ ಹುಡುಗ ಬೆಂಚಿನ ಬಲತುದಿ ತೋರಿಸಿದ. ಹಸಿಮಣ್ಣಿನಲ್ಲಿ ಉಂಗುಷ್ಠ ಮಾತ್ರ ಕಾಣುತ್ತಿತ್ತು. ಯಾರೋ ಮಣ್ಣಿನ ಮುದ್ದೆ ಅಂತಲೇ ಎತ್ತಿ ಹಾಕಿದ್ದರು. ಕಿತ್ತು ತೊಳೆದುಕೊಟ್ಟು, ಬಿದ್ದ ಗುಂಡಿಯನ್ನು ಮತ್ತೆ ತುಂಬಿದರು.

ಬುಧವಾರ: ಆಗದೇ ಹೋದ ರಸ್ತೆ

ಬುಧವಾರ ಮಧ್ಯಾಹ್ನದ ಮೇಲೆ ಪೀಪಲ್ಸ್ ಫುಡ್ ಕೋ-ಆಪ್ ಅನ್ನುವ ಸಹಕಾರಿ ಅಂಗಡಿಯ ಅಂಗಳದಲ್ಲಿ ರೈತರ ಸಂತೆ. ಅಲ್ಲೂ ಮಣ್ಣಿನ ಕೆಲಸ ನೋಡಬಹುದು. ಆದರೆ ನಾನು ಹೇಳಬೇಕಾದ್ದು ಹುಡ್ ಸ್ಟ್ರಾಬೆರಿ ಬಗ್ಗೆ. ಗಾತ್ರದಲ್ಲಿ ಚಿಕ್ಕದು, ಒಳಗೂ ಪೂರ್ತಿ ಕೆಂಪು, ಬಾಯಲ್ಲಿ ಇಟ್ಟರೆ ಕರಗುತ್ತದೆ. ಬಲು ಮೆತ್ತಗೆ, ದೂರ ಸಾಗಿಸಲು ಆಗುವುದಿಲ್ಲ, ಜೂನ್‌ನಲ್ಲಿ ಕೆಲವೇ ವಾರ ಸಿಗುತ್ತದೆ. ಅಂಗಡಿಯ ದಪ್ಪ ಸ್ಟ್ರಾಬೆರಿ ತಿಂದವರಿಗೆ ಇದು ಬೇರೆಯೇ ಹಣ್ಣು. ಕೊಂಡ ಕೂಡಲೇ ತಿನ್ನಿ, ಸಂಜೆಗೆ ಇಟ್ಟರೆ ನೀರಾಗುತ್ತದೆ. ಆರೆಗಾನ್‌ನಲ್ಲಿ ಮಾರಾಟ ತೆರಿಗೆ ಇಲ್ಲ, ಫಲಕದಲ್ಲಿ ಬರೆದಷ್ಟೇ ಕೊಟ್ಟರಾಯಿತು.

ಅಲ್ಲಿಂದ ನಡೆದು ಹೋದರೆ ಪಿಕೋಲೋ ಪಾರ್ಕ್ ಸಿಗುತ್ತದೆ. ಮಕ್ಕಳು ಆಡುವ ಪುಟ್ಟ ಜಾಗ. ಅದಕ್ಕೊಂದು ಕತೆ ಇದೆ. ಈ ಭಾಗದ ಮನೆಗಳನ್ನು ಕೆಡವಿ ಮೌಂಟ್ ಹುಡ್ ಫ್ರೀವೇ ಅಂತ ದೊಡ್ಡ ಹೆದ್ದಾರಿ ಹಾಕಲು ಹೊರಟಿದ್ದರು. ಕೆಲವು ಮನೆಗಳನ್ನು ಕೊಂಡು ಕೆಡವಿಯೂ ಆಗಿತ್ತು. ಬಡಾವಣೆಯವರು ಬಿಡಲಿಲ್ಲ. 1974ರಲ್ಲಿ ಯೋಜನೆ ರದ್ದಾಯಿತು. ಆ ದುಡ್ಡಿನ ಒಂದು ಭಾಗ ಮೊದಲ ಮ್ಯಾಕ್ಸ್ ರೈಲು ದಾರಿಗೆ ಹೋಯಿತು, ಅದು 1986ರಲ್ಲಿ ಶುರುವಾಯಿತು. ಮನೆ ಕೆಡವಿದ ಜಾಗದಲ್ಲೇ ಈ ಪಾರ್ಕು. ಶುಕ್ರವಾರದಿಂದ ನಾವು ಹತ್ತಿ ಇಳಿಯುತ್ತಿದ್ದ ರೈಲಿನ ಹಿಂದೆ ಇಲ್ಲಿನ ಜನರ ಹಟ ಇತ್ತು ಅಂತ ತಿಳಿದಾಗ ನನಗೆ ಈ ಊರಿನ ಮೇಲೆ ಗೌರವ ಹೆಚ್ಚಾಯಿತು. ಬೀದಿಗೆ ಬಣ್ಣ ಹಚ್ಚುವ ಧೈರ್ಯ 1996ರಲ್ಲಿ ಏಕಾಏಕಿ ಬಂದದ್ದಲ್ಲ.

ಗುರುವಾರ: ಮಿಸಿಸಿಪ್ಪಿ ಅವೆನ್ಯೂ

ಉತ್ತರ ಪೋರ್ಟ್‌ಲ್ಯಾಂಡ್‌ನ ಮಿಸಿಸಿಪ್ಪಿ ಅವೆನ್ಯೂನಲ್ಲಿ ರೀಬಿಲ್ಡಿಂಗ್ ಸೆಂಟರ್ ಇದೆ. ಕೆಡವಿದ ಮನೆಗಳ ಬಾಗಿಲು, ಕಿಟಕಿ, ಸಿಂಕು, ಹಲಗೆ ಎಲ್ಲವನ್ನೂ ಕಮ್ಮಿ ಬೆಲೆಗೆ ಮಾರುತ್ತಾರೆ. ಬೀದಿಯವರು ಗೂಡು, ಸೂರು ಕಟ್ಟಲು ಇಲ್ಲಿಂದಲೇ ಒಯ್ಯುತ್ತಾರೆ. ಒಂದು ಗಂಟೆ ತಿರುಗಿದರೂ ಮುಗಿಯದ ಜಾಗ. ಅಮ್ಮನಿಗೆ ಒಂದು ಹಿತ್ತಾಳೆ ಚಿಲಕ ಇಷ್ಟವಾಯಿತು, ಕೊಂಡೆವು.

ಹೊರಗೆ ಊಟದ ಗಾಡಿಯೊಂದರ ಮುಂದೆ ಕೂತಿದ್ದಾಗ ಪಕ್ಕದ ಮೇಜಿನ ಕರಿಯ ಸಮುದಾಯದ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಹಬ್ಬಕ್ಕೆ ಬಂದಿದ್ದೇವೆ ಅಂದೆ. ಅವರು ಒಳ್ಳೆಯದು ಅಂದರು, ಆಮೇಲೆ ತಮ್ಮ ಕತೆ ಹೇಳಿದರು. ಅಲ್ಬೈನಾ ಅಂತ ಕರೆಯುವ ಈ ಭಾಗ ಕರಿಯ ಕುಟುಂಬಗಳ ನೆಲೆ ಆಗಿತ್ತು. 1960ರ ಹೊತ್ತಿಗೆ ಕ್ರೀಡಾಂಗಣ, ಆಮೇಲೆ ಹೆದ್ದಾರಿ, 1970ರ ದಶಕದಲ್ಲಿ ಆಸ್ಪತ್ರೆಯ ವಿಸ್ತರಣೆ, ಒಂದೊಂದಕ್ಕೂ ನೂರಾರು ಮನೆ ಹೋದವು. ಉಳಿದವರನ್ನು ಬಾಡಿಗೆ ಓಡಿಸಿತು. ಅವರ ಮಕ್ಕಳು ಈಗ ಊರಾಚೆ ಪೂರ್ವಕ್ಕೆ ಇದ್ದಾರೆ, ಇವರು ಗೆಳೆಯರನ್ನು ನೋಡಲು ಬಸ್ಸಿನಲ್ಲಿ ಬರುತ್ತಾರೆ. "ನಮ್ಮ ಬೀದಿಯನ್ನೂ ನಾವು ಚೆನ್ನಾಗೇ ಇಟ್ಟುಕೊಂಡಿದ್ದೆವು" ಅಂದರು.

ಆ ಮಾತು ನನಗೆ ಆಳವಾಗಿ ತಟ್ಟಿತು. ಫ್ರೀವೇ ತಡೆದ ಬಡಾವಣೆಯವರ ಮಾತು ನಗರ ಕೇಳಿತು, ಇವರ ಮಾತು ಕೇಳಲಿಲ್ಲ. ಬಣ್ಣದ ಕೂಡುರಸ್ತೆಗಳು ಸ್ವಂತ ಮನೆ ಇರುವವರ ಬೀದಿಗಳಲ್ಲೇ ಜಾಸ್ತಿ ಕಾಣುತ್ತವೆ. ವರ್ಷಕ್ಕೊಮ್ಮೆ ಮನೆ ಬದಲಿಸಬೇಕಾದವರಿಗೆ ಒಂದೂವರೆ ವರ್ಷ ಸಹಿ ಕೇಳುತ್ತಾ ತಿರುಗಲು ಆಗುವುದಿಲ್ಲ. ಬೀದಿ ಚೆಂದವಾದ ಮೇಲೆ ಬಾಡಿಗೆ ಏರಿದರೆ ಕಟ್ಟೆ ಕಟ್ಟಿದವರೇ ಅಲ್ಲಿ ಉಳಿಯದೇ ಹೋಗಬಹುದು. ಹಬ್ಬದ ಸಂಜೆಯ ಊಟದಲ್ಲಿ ಇದನ್ನೇ ಕೇಳಿದೆ. ಅಲ್ಲಿದ್ದವರು ಜಾರಿಕೊಳ್ಳಲಿಲ್ಲ. ತಮ್ಮ ನಡುವೆಯೂ ಇದೇ ಚರ್ಚೆ ಇದೆ ಅಂದರು. ಮನೆಯಿಲ್ಲದವರು ತಾವೇ ನಡೆಸುವ ಡಿಗ್ನಿಟಿ ವಿಲೇಜ್ ಅನ್ನುವ ನೆಲೆಗೆ ಕೈಜೋಡಿಸಿದ್ದನ್ನು ಒಬ್ಬರು ನೆನಪಿಸಿದರು. ಅದು ಒಳ್ಳೆಯ ಕೆಲಸವೇ. ಆದರೆ ಬಾಡಿಗೆಯ ಪ್ರಶ್ನೆ ಅದಕ್ಕಿಂತ ದೊಡ್ಡದು, ಬಣ್ಣದಿಂದ ಬಗೆಹರಿಯುವುದಿಲ್ಲ.

ಆ ಊಟಕ್ಕೆ ಹೋಗುವವರು ತಟ್ಟೆ, ಚಮಚ ತಾವೇ ಒಯ್ಯಿರಿ, ಕಸ ಮಾಡಬಾರದು ಅನ್ನುವುದು ಅಲ್ಲಿಯ ರೂಢಿ. ಅನ್ನ, ಕಪ್ಪು ಬೀನ್ಸ್ ಕಾಳಿನ ಸಾರು, ಸೊಪ್ಪು. ಸಸ್ಯಾಹಾರಿಗಳಿಗೆ ಯೋಚನೆಯೇ ಇಲ್ಲ. ಖಾರ ಮಾತ್ರ ಇರುವುದಿಲ್ಲ, ಅಮ್ಮನ ಚೀಲದಲ್ಲಿ ಚಟ್ನಿಪುಡಿ ಇತ್ತು.

ಶನಿವಾರ: ಸೂರ್ಯಕಾಂತಿ, ಮತ್ತೆ ಜರೀಗಿಡ

ಹೊರಡುವ ಮುಂಚಿನ ದಿನ ಬಿಸಿಲು ಬಿತ್ತು. ಮೌಂಟ್ ಹುಡ್ ಶಿಖರ ಮೊದಲ ಸಲ ಕಂಡಿತು, ಹಿಮದ ಸಮೇತ. ಬೆಳಿಗ್ಗೆ ಸನ್ನಿಸೈಡ್ ಪಿಯಾಜಾ ನೋಡಿದೆವು. 33ನೇ ಅವೆನ್ಯೂ, ಯ್ಯಾಮ್‌ಹಿಲ್ ಸ್ಟ್ರೀಟ್ ಸೇರುವಲ್ಲಿ ರಸ್ತೆ ತುಂಬಾ ಒಂದೇ ಸೂರ್ಯಕಾಂತಿ ಹೂವು. ಮೊದಲು ಬರೆದದ್ದು 2001ರಲ್ಲಿ. ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಯಾನ್ ಸೆಮೆನ್ಜಾ ಇಲ್ಲಿನ ಮನೆಗಳವರನ್ನು ಮಾತಾಡಿಸಿ ಅಧ್ಯಯನ ಮಾಡಿದರು, 2003ರಲ್ಲಿ ಪ್ರಕಟವಾಯಿತು. ನಮ್ಮ ಬಡಾವಣೆ ಬಾಳಲು ಅತ್ಯುತ್ತಮ ಅಂದವರು ಇಲ್ಲಿ ಶೇ 65, ಬಣ್ಣವಿಲ್ಲದ ಇನ್ನೊಂದು ಬಡಾವಣೆಯಲ್ಲಿ ಶೇ 35. ಹೂವಿನ ನಡುವೆ ನಿಂತು ನೋಡಿದರೆ ಕಾರಿನವರು ಕೂಡ ನಿಧಾನ ಮಾಡಿ ಕೈ ಬೀಸಿ ಹೋಗುತ್ತಾರೆ.

ಅಲ್ಲಿಂದ ನಮ್ಮ ಮೀನಿನ ಕೂಡುರಸ್ತೆಗೆ. ಹೋದ ವಾರ ಬಂದವರಲ್ಲಿ ಅರ್ಧ ಜನ ಇದ್ದರು, ಹೊಸಬರೂ ಇದ್ದರು. ಮಳೆಗೆ ಹೋದ ಜರೀಗಿಡವನ್ನು ಹಾಗೇ ಮತ್ತೆ ಬರೆಯಲಿಲ್ಲ. ಹಸಿರು ಹರಿದುಹೋದ ಗುರುತು ಒಂದು ಕಡೆ ಚೆನ್ನಾಗಿ ಕಾಣುತ್ತಿತ್ತು, ಅದನ್ನೇ ನದಿಯ ಪಾಚಿ ಮಾಡಿದರು. ಸಂಜೆ ಆರಕ್ಕೆ ಮುಗಿಯಿತು. ಜೂನ್‌ನಲ್ಲಿ ಅಲ್ಲಿ ಒಂಬತ್ತರವರೆಗೂ ಬೆಳಕು. ಬಣ್ಣ ಒಣಗುವ ತನಕ ಎಲ್ಲರೂ ಫುಟ್‌ಪಾತಿನಲ್ಲೇ ಕೂತಿದ್ದೆವು. ಪಾನಕದ ಹೆಂಗಸು ತಮ್ಮ ಗುಲಾಬಿಯ ಒಂದು ಕಡ್ಡಿ ಕತ್ತರಿಸಿ ಅಮ್ಮನಿಗೆ ಕೊಟ್ಟರು. ವಿಮಾನದಲ್ಲಿ ಗಿಡ ತರುವ ಹಾಗಿಲ್ಲ, ತಂಗಿಯ ಅಂಗಳದಲ್ಲಿ ನೆಟ್ಟೆವು.

ತಂಗಿಯ ಬಡಾವಣೆಯ ತಿರುವಿನಲ್ಲಿ ಎಲ್ಲ ಮನೆಯ ಅಂಚೆಪೆಟ್ಟಿಗೆಗಳು ಒಂದೇ ಕಡೆ ಇವೆ. ಜನ ದಿನವೂ ಬರುತ್ತಾರೆ, ಕಾಗದ ತೆಗೆದುಕೊಂಡು ಹೋಗುತ್ತಾರೆ, ನಿಲ್ಲುವುದಿಲ್ಲ. ಅಲ್ಲೊಂದು ಬೆಂಚು ಹಾಕಿಸಬೇಕು ಅಂತ ಅವಳಿಗೆ ಮನಸ್ಸಾಗಿದೆ. ಬೀವರ್ಟನ್ ಬೇರೆ ನಗರ, ನಿಯಮಗಳೂ ಬೇರೆ. ಮೊದಲು ಅವರ ಮನೆಗಳ ಸಂಘ ಒಪ್ಪಬೇಕು, ಅದಕ್ಕೂ ಮೊದಲು ಅಕ್ಕಪಕ್ಕದವರು. ಭಾನುವಾರ ನಾವು ಹೊರಡುವ ಮುಂಚೆ ಅಮ್ಮ ಮಾಡಿಟ್ಟಿದ್ದ ಕೋಡುಬಳೆಯ ಡಬ್ಬಿ ಹಿಡಿದು ತಂಗಿ ಮೂರು ಮನೆಗೆ ಹೋಗಿ ಬಂದಳು. ಕಾಗದ ಒಯ್ಯಲಿಲ್ಲ. ಎರಡು ಮನೆಯವರು ಆಗಲಿ ಅಂದರು. ಮೂರನೆಯವರು, ಬೆಂಚು ಹಾಕಿದ ಮೇಲೆ ಗುಡಿಸುವವರು ಯಾರು ಅಂತ ಕೇಳಿದ್ದಾರೆ. ಸರಿಯಾದ ಪ್ರಶ್ನೆ. ಮುಂದಿನ ವಾರ ಅವರ ಮನೆಗೆ ಮತ್ತೆ ಹೋಗುತ್ತಾಳೆ.